ಗೆಳೆಯನ ಪಟ್ಟಿ ಹಿಡಿದು ಓಡಿದವರು

ಅವರನ್ನು ಮಹೇಶ್ ಎಂದಿಟ್ಟುಕೊಳ್ಳಿ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 41, ಮೈಸೂರಿನಲ್ಲಿ ಬ್ಯಾಂಕ್ ಕೆಲಸ. ಸಲಹೆ ಕೇಳಲು ನನ್ನ ಬಳಿ ಬಂದು ಕೂತವರೇ, "ಮೇಡಂ, ನನಗೆ ಶಿಸ್ತಿಲ್ಲ, ಏನಾದ್ರೂ ಮಾಡಿ" ಅಂದರು. ಬೆಳಗಿನ ನಾಲ್ಕೂವರೆಗೆ ಎದ್ದು ವಾರಕ್ಕೆ ಆರು ದಿನ ಓಡುವ ಮನುಷ್ಯ ಹೇಳುವ ಮಾತೇ ಇದು!

ಹಾಫ್ ಮ್ಯಾರಥಾನ್, ಅಂದರೆ 21.1 ಕಿ.ಮೀ., ಎರಡು ಗಂಟೆಯೊಳಗೆ ಮುಗಿಸಬೇಕೆಂಬುದು ಅವರ ಆಸೆ. ಓಟದ ಗುಂಪಿನ ಗೆಳೆಯನೊಬ್ಬ ತನ್ನ ತರಬೇತಿ ಪಟ್ಟಿಯನ್ನೇ ವಾಟ್ಸಾಪ್ ಮಾಡಿದ್ದ. ಗೆಳೆಯನಿಗೆ 28, ಮದುವೆಯಾಗಿಲ್ಲ. ಇವರಿಗೆ ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ತಾಯಿ, ರಾತ್ರಿ ಐದು ಗಂಟೆ ನಿದ್ದೆ. ನಾಲ್ಕನೇ ವಾರಕ್ಕೆ ಮೊಣಕಾಲ ಕೆಳಗೆ, ಮುಂದಿನ ಮೂಳೆಯಲ್ಲಿ ನೋವು ಶುರುವಾಯಿತು. ಒಂದು ದಿನ ಓಟ ತಪ್ಪಿಸಿದರು. ಆ ತಪ್ಪಿಗೆ ದಂಡ ಕಟ್ಟುವವರಂತೆ ಮರುದಿನ ಚಾಮುಂಡಿ ಬೆಟ್ಟ ಹತ್ತಿದರು. ನೋವು ಜಾಸ್ತಿಯಾಯಿತು, ಮನೆಯಲ್ಲಿ ಸಿಡುಕೂ ಜಾಸ್ತಿಯಾಯಿತು.

ನಾನು ಕೋಚ್ ಅಲ್ಲ, ಡಾಕ್ಟರೂ ಅಲ್ಲ. ಆದರೆ ಬೆರಳಿಟ್ಟು ಒತ್ತಿದ ಒಂದೇ ಜಾಗದಲ್ಲಿ ಮೂಳೆ ನೋಯುತ್ತಿದ್ದರೆ ಸಣ್ಣ ಬಿರುಕಿರಬಹುದು ಅನ್ನುವುದು ಗೊತ್ತಿತ್ತು. ಮೂಳೆ ಡಾಕ್ಟರಿಗೆ ತೋರಿಸಿಕೊಂಡು ಬನ್ನಿ, ಆಮೇಲೆ ಮಾತು ಅಂದೆ. ಪುಣ್ಯಕ್ಕೆ ಬಿರುಕಿರಲಿಲ್ಲ. ಮೂರು ವಾರ ಓಟ ಬಂದ್.

ಆ ಬಿಡುವಿನಲ್ಲಿ ಒಮ್ಮೆ ಕೇಳಿದೆ: "ಪಟ್ಟಿಯಲ್ಲಿ 'ನಿಧಾನ' ಅಂತ ಇರೋ ದಿನ ಎಷ್ಟು ವೇಗದಲ್ಲಿ ಓಡ್ತಿದ್ರಿ?"

"ಕಿಲೋಮೀಟರಿಗೆ ಐದೂಮುಕ್ಕಾಲು ನಿಮಿಷ."

ಇಬ್ಬರೂ ಕೂತು ಲೆಕ್ಕ ಹಾಕಿದೆವು. ಎರಡು ಗಂಟೆಯಲ್ಲಿ ರೇಸ್ ಮುಗಿಸಲು ಬೇಕಾದ ವೇಗ 5 ನಿಮಿಷ 41 ಸೆಕೆಂಡ್. ಗೆಳೆಯನಿಗೆ ನಿಧಾನವಾದದ್ದು ಇವರಿಗೆ ರೇಸೇ ಆಗಿತ್ತು. "ಅಂದ್ರೆ ರೇಸನ್ನೇ ವಾರಕ್ಕೆ ನಾಲ್ಕು ಸಲ ಓಡ್ತಿದ್ದೆ, ಅಲ್ವಾ?" ಅಂದವರು ಸ್ವಲ್ಪ ಹೊತ್ತು ಸುಮ್ಮನಾದರು.

ಹಾಗಾದರೆ ಸರಿಯಾದ ಪದ್ಧತಿ ಯಾವುದು ಅನ್ನುವುದು ಮುಂದಿನ ಪ್ರಶ್ನೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದ ಎಮಿಲ್ ಜಾಟೊಪೆಕ್ 400 ಮೀಟರನ್ನು ವೇಗವಾಗಿ, ಮತ್ತೆ ಮತ್ತೆ ಓಡಿ ತಯಾರಾದವರು. ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ ತಮ್ಮ ಹುಡುಗರಿಂದ ವಾರಕ್ಕೆ ಸುಮಾರು 160 ಕಿ.ಮೀ. ಓಡಿಸುತ್ತಿದ್ದರು. 1960ರಲ್ಲಿ ರೋಮ್‌ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಗೆದ್ದ ಪೀಟರ್ ಸ್ನೆಲ್ ಆ ಗರಡಿಯವರೇ. ದಾರಿ ಬೇರೆ ಬೇರೆ, ಎರಡರಲ್ಲೂ ಚಿನ್ನ ಸಿಕ್ಕಿತು. ಲಿಡಿಯಾರ್ಡ್ ತಮ್ಮ ಪದ್ಧತಿಯನ್ನು ಮೊದಲು ಪರೀಕ್ಷಿಸಿದ್ದು ತಮ್ಮದೇ ಮೈಮೇಲೆ. ಈ ಕೊನೆಯ ಮಾತು ಮಹೇಶ್‌ಗೆ ತುಂಬಾ ಹಿಡಿಸಿತು.

ವಾರಕ್ಕೆ ನಾಲ್ಕೇ ದಿನ ಓಡಿ ಅಂದೆ. ಎರಡು ದಿನ ನಿಧಾನ, ಒಂದು ದಿನ ವೇಗ, ಭಾನುವಾರ ದೂರ. ತಾಯಿಗೆ ರಾತ್ರಿ ಹುಷಾರಿಲ್ಲದೆ ನಿದ್ದೆಗೆಟ್ಟಿದ್ದರೆ ಮರುದಿನದ ವೇಗದ ಓಟ ಬೇಡ. ಓಟ ಹಗುರವೋ ಕಠಿಣವೋ ಅಂತ ಹೃದಯ ಬಡಿತದ ಲೆಕ್ಕದಲ್ಲಿ ಕೈಗಡಿಯಾರ ತೋರಿಸುವ ಬಣ್ಣಗಳನ್ನು ಪೂರ್ತಿ ನಂಬಬೇಡಿ ಅಂತಲೂ ಹೇಳಿದೆ. 220ರಲ್ಲಿ ವಯಸ್ಸು ಕಳೆದರೆ ಇವರ ಗರಿಷ್ಠ ಹೃದಯ ಬಡಿತ 179 ಬರುತ್ತದೆ. ಅದು ಬರೀ ಸರಾಸರಿ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಇರಬಹುದು. ಅದಕ್ಕಿಂತ ಮಗ್ಗಿ ವಾಸಿ. ನಿಧಾನದ ದಿನ ಓಡುತ್ತಾ ಹದಿಮೂರರ ಮಗ್ಗಿ ಜೋರಾಗಿ ಹೇಳಬೇಕು, ನಡುವೆ ಉಸಿರು ಕಟ್ಟಿದರೆ ವೇಗ ತಗ್ಗಿಸಬೇಕು. ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಜನ ತಿರುಗಿ ನೋಡಿದರಂತೆ, ನೋಡಲಿ ಬಿಡಿ. ಕೋಚ್ ಬೇಕೆನಿಸಿದರೆ, ಪಟ್ಟಿ ಕೊಡುವ ಮೊದಲು ನಿದ್ದೆ, ಹಳೆ ನೋವು, ಮನೆ ಪರಿಸ್ಥಿತಿ ಕೇಳುವವರನ್ನೇ ಹುಡುಕಿ ಅಂದೆ.

ನನ್ನ ಒಂದು ಸಲಹೆ ಕೈಕೊಟ್ಟಿತು. ದಿನಚರಿ ಬರೆಯಿರಿ ಅಂದಿದ್ದೆ, ಮೂರೇ ದಿನ ಬರೆದರು. ಕೊನೆಗೆ ಅವರ ಹೆಂಡತಿಯೇ ದಾರಿ ತೋರಿಸಿದರು. ಗಂಡ ಸಿಡುಕಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಕೆಂಪು ಚುಕ್ಕೆ. ಅತಿಯಾದ ತರಬೇತಿ ಎಷ್ಟೋ ಸಲ ಕಾಲಿಗಿಂತ ಮೊದಲು ನಿದ್ದೆ, ಸಿಡುಕಿನಲ್ಲೇ ಕಾಣುತ್ತದೆ. ಒಂದೇ ವಾರದಲ್ಲಿ ಮೂರು ಚುಕ್ಕೆ ಬಿದ್ದರೆ ಎರಡು ದಿನ ಓಟಕ್ಕೆ ರಜೆ.

ಓಟದ ವಾಟ್ಸಾಪ್ ಗುಂಪು ಬಿಡಲು ಮಹೇಶ್‌ಗೆ ಮನಸ್ಸಾಗಲಿಲ್ಲ, ಮ್ಯೂಟ್ ಮಾಡಿಕೊಂಡರು. ಐದು ತಿಂಗಳ ನಂತರ ರೇಸ್ ಓಡಿದರು, 2 ಗಂಟೆ 9 ನಿಮಿಷ. ಎರಡು ಗಂಟೆಯ ಆಸೆ ಬಿಟ್ಟಿರಾ ಅಂತ ಕೇಳಿದೆ.

"ಇಲ್ಲ ಮೇಡಂ. ದೊಡ್ಡವಳ ಪರೀಕ್ಷೆ ಮುಗೀಲಿ ಅಂತ ಕಾಯ್ತಿದ್ದೀನಿ."