ಮೊಸರನ್ನವನ್ನೂ ಕಸೂತಿಯನ್ನೂ ಬಿಡಬೇಡಿ

ಹಾಲು, ತುಪ್ಪ ಬಿಟ್ಟೆ, ಮೊಸರನ್ನ ಬಿಡೋಕೆ ಆಗ್ತಿಲ್ಲ, ಕಸೂತಿಯ ಹೊತ್ತೆಲ್ಲ ಅಡುಗೆಗೇ ಹೋಗುತ್ತೆ ಅಂತ ಮುಂಬೈ ಹತ್ತಿರದ ಡೊಂಬಿವಲಿಯಿಂದ ಕೇಳಿದ್ದೀರಲ್ಲ, ಶೇಂಗಾ ಮೊಸರು ಮಾಡಿ ನೋಡಿ.

ಒಂದು ಲೋಟ ಹಸಿ ಶೇಂಗಾ ರಾತ್ರಿ ನೆನೆಸಿ. ಬೆಳಿಗ್ಗೆ ಮೂರು ಲೋಟ ನೀರಿನಲ್ಲಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಕೈಯಾಡಿಸುತ್ತಾ ಕುದಿಸಿ. ಉಗುರುಬೆಚ್ಚಗಾದ ಮೇಲೆ ಹಸಿಮೆಣಸಿನಕಾಯಿಯ ತೊಟ್ಟು ಏಳೆಂಟು ಹಾಕಿ ಮುಚ್ಚಿಡಿ. ಮುಂಬೈ ಸೆಕೆಗೆ ಬೇಗ ಹೆಪ್ಪಾಗುತ್ತದೆ, ಜಾಸ್ತಿ ಹೊತ್ತು ಬಿಟ್ಟರೆ ಹುಳಿ. ಮೊದಲನೆಯದು ತೆಳ್ಳಗೇ ಇರುತ್ತದೆ. ಅದನ್ನೇ ಹೆಪ್ಪಿಗೆ ಬಳಸಿ, ಎರಡನೆಯದು ನಿಜವಾಗಲೂ ಚೆನ್ನಾಗಿ ಬರುತ್ತದೆ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟರೆ ಶೇಂಗಾ ವಾಸನೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಸೋಸಿ ಉಳಿದ ಚರಟವನ್ನು ತಾಲಿಪೆಟ್ಟಿನ ಹಿಟ್ಟಿಗೆ ಕಲಸಿ, ರಾತ್ರಿ ಊಟ ಅಲ್ಲಿಗೇ ಆಯ್ತು. ಮಜ್ಜಿಗೆ ಬೇಕೆನಿಸಿದರೆ ಕೋಕಂ, ತೆಂಗಿನ ಹಾಲಿನ ಸೋಲ್ ಕಢಿ ಇದೆಯಲ್ವಾ, ಒಲೆ ಹಚ್ಚುವುದೇ ಬೇಡ.

ಬಿ12 ವಿಟಮಿನ್ ಮಾತ್ರ ಇಂಥ ಊಟದಲ್ಲಿ ನಂಬುವಷ್ಟು ಸಿಗುವುದಿಲ್ಲ. ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ, ದಯವಿಟ್ಟು ಇದನ್ನು ಸುಮ್ನೆ ಬಿಡಬೇಡಿ.

ಕಸೂತಿಗೆ ಸಂಜೆ ಗವಂತಿ ಹೊಲಿಗೆಯ ಸಣ್ಣ ಮಾದರಿ ಸಾಕು. ಎಳೆ ಎಣಿಸುವ ಕೆಲಸ, ದೀಪದಲ್ಲಿ ಕಣ್ಣಿಗೆ ಕಷ್ಟ. ಗೋಪುರ, ತೇರಿನಂಥ ದೊಡ್ಡ ಚಿತ್ತಾರ ಭಾನುವಾರದ ಬೆಳಕಿಗೆ ಇರಲಿ.