ಅಟ್ಲಾಂಟಿಕ್ ಸಿಟಿಗೆ ಬರುವ ಮುನ್ನ: ಮುಚ್ಚಿದ ತಾಜ್ ಮಹಲಿನ ಕಥೆ

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಅಟ್ಲಾಂಟಿಕ್ ಸಿಟಿಯ ಕ್ಯಾಸಿನೊ ಹೋಟೆಲೊಂದರಲ್ಲಿ ಕೆಲಸ ಸಿಕ್ಕಿದೆ, ಆ ಊರನ್ನು ನಂಬಿ ಸಂಸಾರ ಸಮೇತ ಬರಬಹುದೇ ಎಂದು ಕೇಳಿದ್ದೀರಿ. ಖಂಡಿತ ಬನ್ನಿ. ಆದರೆ ಅಲ್ಲಿದ್ದ ತಾಜ್ ಮಹಲ್ ಕ್ಯಾಸಿನೊಗೆ ಏನಾಯಿತೆಂದು ತಿಳಿದುಕೊಂಡು ಬನ್ನಿ.

1990ರ ಏಪ್ರಿಲ್‌ನಲ್ಲಿ ಡೊನಾಲ್ಡ್ ಟ್ರಂಪ್ ಅದನ್ನು ತೆರೆದಾಗ ಜಗತ್ತಿನ ಎಂಟನೆಯ ಅದ್ಭುತವೆಂದು ಸಾರಿದ್ದರು. ಕಡಲಿಗೆ ಮುಖ ಮಾಡಿ ಬಣ್ಣಬಣ್ಣದ ಗುಮ್ಮಟಗಳು, ಮಿನಾರುಗಳು, ಕಲ್ಲಾನೆಗಳು. ಬಾಗಿಲಲ್ಲಿ ರುಮಾಲು ಸುತ್ತಿದ ದ್ವಾರಪಾಲಕರು. ವೆಚ್ಚ ಸುಮಾರು 100 ಕೋಟಿ ಡಾಲರ್. ಅದರಲ್ಲಿ 67.5 ಕೋಟಿ ಶೇ 14ರ ಬಡ್ಡಿಗೆ ಎತ್ತಿದ ಸಾಲ. ಬಡ್ಡಿಯೇ ವರ್ಷಕ್ಕೆ 9 ಕೋಟಿ ದಾಟುತ್ತಿತ್ತು. ಮರುವರ್ಷವೇ ಕ್ಯಾಸಿನೊ ದಿವಾಳಿ ನ್ಯಾಯಾಲಯದ ಮೊರೆ ಹೊಕ್ಕಿತು.

ಆಮೇಲೆ ಪಕ್ಕದ ರಾಜ್ಯ ಪೆನ್ಸಿಲ್ವೇನಿಯಾದಲ್ಲೂ ಕ್ಯಾಸಿನೊಗಳು ಬಂದು ಗಿರಾಕಿಗಳು ಅತ್ತ ಹರಿದರು. 2014ರಲ್ಲಿ ಈ ಪುಟ್ಟ ಊರಿನ ನಾಲ್ಕು ಕ್ಯಾಸಿನೊಗಳು ಬಾಗಿಲು ಹಾಕಿದವು. ತಾಜ್ ಉಳಿಯಿತು, ಆದರೆ ಯಾರ ಹೆಗಲ ಮೇಲೆ ನೋಡಿ! ದಿವಾಳಿ ನ್ಯಾಯಾಲಯದ ಅನುಮತಿ ಪಡೆದು ಕಂಪನಿಯು ಕಾರ್ಮಿಕ ಸಂಘದೊಂದಿಗಿನ ಒಪ್ಪಂದವನ್ನೇ ಕೈಬಿಟ್ಟಿತು. ಕೋಣೆ ಗುಡಿಸುವವರು, ಅಡುಗೆಯವರು, ಬಡಿಸುವವರು ಆರೋಗ್ಯ ವಿಮೆ ಕಳೆದುಕೊಂಡರು, ಪಿಂಚಣಿಗೆ ಕಂಪನಿ ಕಟ್ಟುತ್ತಿದ್ದ ಹಣವೂ ನಿಂತಿತು. ನಮ್ಮಲ್ಲಿನಂತೆ ಜ್ವರ ಬಂದರೆ ಜಿಲ್ಲಾಸ್ಪತ್ರೆಗೆ ಹೋಗಿ ಚೀಟಿ ಮಾಡಿಸುವ ಅನುಕೂಲ ಇಲ್ಲಿಲ್ಲ. ಹೆಚ್ಚಿನವರಿಗೆ ವಿಮೆ ಸಿಗುವುದು ಕೆಲಸದ ಮೂಲಕವೇ. ಈ ಅನ್ಯಾಯ ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

2016ರ ಜುಲೈ 1ರಂದು ತಾಜ್‌ನ ಈ ಕೆಲಸಗಾರರು ಮುಷ್ಕರ ಹೂಡಿದರು. ಆಗ ಮಾಲೀಕರು ಹೆಸರಾಂತ ಹೂಡಿಕೆದಾರ ಕಾರ್ಲ್ ಐಕಾನ್. ಆ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ವಿಶ್ವ ಕನ್ನಡ ಸಮ್ಮೇಳನ ನಡೆದದ್ದೂ ಇದೇ ಊರಿನಲ್ಲಿ. ನಾವು ರೇಷ್ಮೆ ಸೀರೆ, ಜುಬ್ಬಾಗಳಲ್ಲಿ ಸಂಭ್ರಮಿಸುತ್ತಿದ್ದಾಗ, ಅದೇ ಊರಿನ ಕಡಲ ದಂಡೆಯಲ್ಲಿ ಅವರು ಫಲಕ ಹಿಡಿದು ಸುತ್ತುತ್ತಿದ್ದರು. ಅಕ್ಟೋಬರ್ 10ರಂದು ತಾಜ್ ಮುಚ್ಚಿತು. ಸುಮಾರು 3,000 ಜನರ ಕೆಲಸ ಹೋಯಿತು. 2018ರಲ್ಲಿ ಅದೇ ಕಟ್ಟಡ ಹಾರ್ಡ್ ರಾಕ್ ಎಂಬ ಹೊಸ ಕ್ಯಾಸಿನೊ ಹೋಟೆಲಾಗಿ ತೆರೆಯಿತು. ಗುಮ್ಮಟಗಳೂ ಇಲ್ಲ, ಆನೆಗಳೂ ಇಲ್ಲ.

ಆದ್ದರಿಂದ ಸಂಬಳದ ಮೊತ್ತವೊಂದನ್ನೇ ನೋಡಬೇಡಿ. ಕಾರ್ಮಿಕ ಸಂಘದ ಒಪ್ಪಂದ ಇದೆಯೇ, ಅದು ಯಾವ ವರ್ಷದವರೆಗೆ, ಹೆಂಡತಿ ಮಕ್ಕಳಿಗೂ ವಿಮೆ ಎಂದಿನಿಂದ ಎಂದು ಕೇಳಿ, ಬರವಣಿಗೆಯಲ್ಲೇ ತರಿಸಿಕೊಳ್ಳಿ. ಮೊದಲ ವರ್ಷ ಮನೆ ಕೊಳ್ಳುವ ಯೋಚನೆ ಬೇಡ. ಪೆಸಿಫಿಕ್ ಅವೆನ್ಯೂದಲ್ಲಿ ಓಡುವ ಜಿಟ್ನಿ ಎಂಬ ಪುಟ್ಟ ಬಸ್ಸಿಗೆ ಹತ್ತಿರವಾಗಿ ಬಾಡಿಗೆಗಿರಿ, ಕಾರಿನ ಖರ್ಚು ಸದ್ಯಕ್ಕೆ ಉಳಿಯುತ್ತದೆ. ನೇಮಕಾತಿ ಪತ್ರ ಕೈಗೆ ಬಂದ ಮೇಲೆ ವಿಮೆಯ ಪುಟಗಳನ್ನು ನನಗೆ ಕಳುಹಿಸಿ, ಸಹಿ ಹಾಕುವ ಮೊದಲು ಇಬ್ಬರೂ ಕುಳಿತು ಓದೋಣ.