ದಾಸವಾಳದ ಕೆಂಪು ರೀಡಿಂಗ್ ಕೆಡಿಸುವುದು ಹೀಗೆ

ಪ್ರಶ್ನೆ: ಕೆಂಪು ದಾಸವಾಳದ ಸಾರದ ಆಂಟಿಆಕ್ಸಿಡೆಂಟ್ ಗುಣವನ್ನು ಡಿಪಿಪಿಎಚ್ ವಿಧಾನದಲ್ಲಿ ಅಳೆದೆವು. ಸಾರ ಹೆಚ್ಚಿಸಿದಷ್ಟೂ ಬಣ್ಣ ಮಾಸಿದ ಶೇಕಡಾವಾರು ಇಳಿಯುತ್ತಿದೆ. ಹೂವಿನಲ್ಲಿ ಸತ್ವವೇ ಇಲ್ಲವೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಪ್ರಾಜೆಕ್ಟ್ ಒಪ್ಪಿಸುವ ಕಾಲ ಬಂತೆಂದರೆ ಇದೇ ಪ್ರಶ್ನೆ, ಹೂವಿನ ಹೆಸರು ಮಾತ್ರ ಬೇರೆ. ಸತ್ವ ಇದೆ. ನೀವು ಬಣ್ಣದ ಬ್ಲ್ಯಾಂಕ್, ಅಂದರೆ ಡಿಪಿಪಿಎಚ್ ಹಾಕದ ಬರೀ ಸಾರದ ಟ್ಯೂಬ್, ಇಟ್ಟಿಲ್ಲ, ಅಷ್ಟೇ.

ಡಿಪಿಪಿಎಚ್ ನೇರಳೆ ಬಣ್ಣದ ರಾಸಾಯನಿಕ, ಆಂಟಿಆಕ್ಸಿಡೆಂಟ್ ಸೇರಿದರೆ ಮಾಸುತ್ತದೆ. ಆ ನೇರಳೆ ಎಷ್ಟು ಮಾಸಿತೆಂದು 517 ನ್ಯಾನೋಮೀಟರಿನ ಬೆಳಕಿನಲ್ಲಿ ನೋಡುತ್ತೀರಿ. ದಾಸವಾಳಕ್ಕೆ ಕೆಂಪು ಕೊಡುವ ಆಂಥೋಸಯಾನಿನ್ ಬೆಳಕು ಹೀರುವುದೂ 520ರ ಆಸುಪಾಸಿನಲ್ಲೇ. ನೇರಳೆ ಮಾಸಿದ ಜಾಗಕ್ಕೆ ಹೂವಿನ ಕೆಂಪು ಬಂದು ಕೂರುತ್ತದೆ. ಯಂತ್ರಕ್ಕೆ ಎರಡೂ ಒಂದೇ. ಪ್ರತಿ ಸಾಂದ್ರತೆಗೂ ಎರಡು ಟ್ಯೂಬ್ ಇಡಿ. ಒಂದಕ್ಕೆ 1 ಮಿ.ಲೀ. ಸಾರ, 3 ಮಿ.ಲೀ. ಡಿಪಿಪಿಎಚ್ (100 ಮಿ.ಲೀ. ಮೆಥನಾಲಿಗೆ ಸುಮಾರು 4 ಮಿ.ಗ್ರಾಂ., ಅಂದಂದೇ ಕರಗಿಸಿದ್ದು). ಇನ್ನೊಂದಕ್ಕೆ ಅಷ್ಟೇ ಸಾರ, 3 ಮಿ.ಲೀ. ಬರೀ ಮೆಥನಾಲ್. ಹೋಲಿಕೆಗೆ ಇಡುವ ಕಂಟ್ರೋಲ್ ಟ್ಯೂಬಿಗೆ ಸಾರದ ಬದಲು ಅದನ್ನು ಕರಗಿಸಿದ ದ್ರಾವಕ. 30 ನಿಮಿಷ ಕತ್ತಲಲ್ಲಿಟ್ಟು ರೀಡಿಂಗ್ ತೆಗೆದು, ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಕಂಟ್ರೋಲ್ 0.80, ಸಾರದ ಟ್ಯೂಬ್ 0.46, ಬಣ್ಣದ ಟ್ಯೂಬ್ 0.22 ಬಂದಿತೆನ್ನಿ, ಉಳಿಯುವುದು 0.24, ಅಂದರೆ 0.80ರಲ್ಲಿ ಶೇ. 70 ಮಾಸಿದೆ. ಕಳೆಯದಿದ್ದರೆ ಶೇ. 42.5 ಎಂದು ಬರೆದುಕೊಂಡು ಹೂವನ್ನು ಬೈಯುತ್ತೀರಿ.

ಇನ್ನೊಂದು ತಾಪತ್ರಯ ಲೋಳೆ. ನೀರಿನಲ್ಲಿ ತೆಗೆದ ದಾಸವಾಳದ ಸಾರ ಸೋಸುಕಾಗದದಿಂದ ಇಳಿಯುವುದೇ ಇಲ್ಲ. ಹೇಗೋ ಇಳಿಸಿ ಮೆಥನಾಲಿಗೆ ಹಾಕಿದರೆ ಕದಡಿ ಬೆಳ್ಳಗಾಗುತ್ತದೆ, ರೀಡಿಂಗ್ ಮತ್ತೆ ಏರುತ್ತದೆ. ಈ ಕದಡನ್ನು ಬ್ಲ್ಯಾಂಕ್ ಪೂರ್ತಿ ಸರಿಪಡಿಸದು. ಹಸಿರು ತೊಟ್ಟು, ನಡುವಿನ ಕೇಸರದ ಕಡ್ಡಿ ಕಿತ್ತು ಎಸಳು ಮಾತ್ರ ಇಟ್ಟುಕೊಳ್ಳಿ. ಒಣಪುಡಿ 10 ಗ್ರಾಂಗೆ ಶೇ. 70ರ ಎಥನಾಲ್ 100 ಮಿ.ಲೀ. ಹಾಕಿ, ಮುಚ್ಚಿ, 24 ಗಂಟೆ ಕತ್ತಲಲ್ಲಿಡಿ. ಲೋಳೆ ಬಹುಪಾಲು ಚರಟದಲ್ಲೇ ಉಳಿಯುತ್ತದೆ. ಆಟಿ ತಿಂಗಳಲ್ಲಿ ನೆರಳಲ್ಲೇ ಒಣಗಿಸುತ್ತೇನೆಂಬ ಹಟ ಬೇಡ. ಕಾಸರಗೋಡಿನ ಮಳೆಗೆ ಎಸಳು ಒಣಗುವ ಮೊದಲೇ ಕಪ್ಪಾಗಿ ಬೂಷ್ಟು ಹಿಡಿಯುತ್ತದೆ. 40 ಡಿಗ್ರಿಯ ಓವನ್ ಬಳಸಿ.

ಪ್ರಶ್ನೆ: ದಾಸವಾಳದ ಚಹಾ ಬಿ.ಪಿ. ಇಳಿಸುತ್ತದಂತೆ. ಮಾತ್ರೆ ಬಿಡಬಹುದೇ?
– ನೀರ್ಚಾಲು

ಉತ್ತರ: ಬಿಡಬೇಡಿ. ಬಿ.ಪಿ. ಬಗ್ಗೆ ಮಂದಿಯ ಮೇಲೆ ನಡೆದ ಹೆಚ್ಚಿನ ಅಧ್ಯಯನ ಕೆಂಪು ಪುಂಡಿಯದ್ದು, ಅಂಗಳದ ದಾಸವಾಳದ್ದಲ್ಲ. ಎರಡೂ ಹಿಬಿಸ್ಕಸ್ ಎಂಬುದೇ ಪ್ಯಾಕೆಟ್ ಮಾರುವವರ ಬಂಡವಾಳ. ಬಸುರಿಯರು ಎರಡನ್ನೂ ದೂರ ಇಡುವುದು ಲೇಸು.

ಪ್ರಶ್ನೆ: ಶಂಖಪುಷ್ಪದ ನೀಲಿ ನೀರು ಲಿಂಬೆ ಹಿಂಡಿದಾಗ ನೇರಳೆಯಾಗುತ್ತದೆ. ಔಷಧಗುಣ ಹೆಚ್ಚಿತೇ?

ಉತ್ತರ: ಹುಳಿ ಹೆಚ್ಚಿತು.

ಪ್ರಶ್ನೆ: ಕೇಪುಳದ ತಂಬುಳಿಯಲ್ಲಿ ಆಂಟಿಆಕ್ಸಿಡೆಂಟ್ ಎಷ್ಟು?

ಉತ್ತರ: ಲೆಕ್ಕ ಬಿಟ್ಟು ಉಣ್ಣಿ.

ಪ್ರಶ್ನೆ: ಪರಿಚಯದ ನಾಟಿವೈದ್ಯರು ರಕ್ತಶುದ್ಧಿಗೆ ಕಣಗಿಲೆ ಹೂವಿನ ಕಷಾಯ ಹೇಳಿದ್ದಾರೆ.

ಉತ್ತರ: ಆ ವೈದ್ಯಕ್ಕೆ ದೊಡ್ಡ ನಮಸ್ಕಾರ. ಕಣಗಿಲೆಯ ಬೇರಿನಿಂದ ಹೂವಿನವರೆಗೆ ಹೃದಯದ ಬಡಿತ ಕೆಡಿಸುವ ವಿಷವಿದೆ. ಒಣಗಿಸಿದರೂ ಕುದಿಸಿದರೂ ಅದು ಹೋಗದು. ಕುಡಿದಾಗಿದ್ದರೆ ನನ್ನ ಉತ್ತರಕ್ಕೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.